ಶುಗರ್ ಹತೋಟಿಯಲ್ಲಿದೆ, ಬಿಪಿ ಮಾತ್ರ 150ರಿಂದ ಕದಲುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಮೂರನೇ_ರೀಡಿಂಗ್

ಚರ್ಚೆಗೆ ಒಂದು ಮಾದರಿ ಕೇಸ್ ಇಡುತ್ತಿದ್ದೇನೆ. ಕಲ್ಪಿತವೇ, ಆದರೆ ಅಂಕಿಗಳು ದಿನಾ ಕಾಣುವಂಥವು.

ವಯಸ್ಸು 62, ಟೈಪ್ 2 ಡಯಾಬಿಟಿಸ್ ಬಂದು 11 ವರ್ಷ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಂಕಿ) 7.1. ಕ್ಲಿನಿಕ್ಕಿನಲ್ಲಿ ಬಿಪಿ 152/70. ಮಾತ್ರೆಗಳು: ಬಿಪಿಗೆ ಟೆಲ್ಮಿಸಾರ್ಟಾನ್ 40, ಅಮ್ಲೋಡಿಪಿನ್ 5, ಶುಗರ್‌ಗೆ ಮೆಟ್‌ಫಾರ್ಮಿನ್. ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗ) 58, ಪೊಟ್ಯಾಸಿಯಂ 4.9, ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಮೂತ್ರದಲ್ಲಿ ಸೋರುವ ಪ್ರೋಟೀನಿನ ಅಳತೆ) 140. ಸಂಜೆ ಹೊತ್ತಿಗೆ ಕಾಲಿನ ಗಿಣ್ಣು ಊದುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಒಮ್ಮೊಮ್ಮೆ ತಲೆ ತೇಲಿದಂತಾಗುತ್ತದೆ.

ಇಂಥ ಚೀಟಿ ಕಂಡ ತಕ್ಷಣ ಎಲ್ಲರೂ ಹೇಳುವುದು ಒಂದೇ ಮಾತು, ಅಮ್ಲೋಡಿಪಿನ್ 10 ಮಾಡಿ. ಅದಕ್ಕೆ ಮೊದಲು ಏನೇನು ನೋಡಬೇಕು? ಗೊತ್ತಿರುವವರು ವಿವರವಾಗಿ ಬರೆಯಿರಿ. ‘ವೈದ್ಯರನ್ನು ಕಾಣಿ’ ಅನ್ನುವುದು ಎಲ್ಲರಿಗೂ ಗೊತ್ತು. ಕಂಡಾಗ ಏನು ಕೇಳಬೇಕು, ಏನು ತೋರಿಸಬೇಕು ಅನ್ನುವುದೇ ಇಲ್ಲಿನ ಪ್ರಶ್ನೆ.

ಅಳತೆಪಟ್ಟಿ

152 ಅನ್ನುವುದು ನಿಜವೋ ಸುಳ್ಳೋ, ಮೊದಲು ಅದು ತೀರ್ಮಾನವಾಗಲಿ. ಮಾತ್ರೆಯ ಮಾತು ಆಮೇಲೆ.

ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್‌ನಿಂದ ಶುರು ಮಾಡೋಣ. ಭುಜದ ಮೂಳೆಯ ತುದಿಗೂ ಮೊಣಕೈಗೂ ನಟ್ಟನಡುವೆ ಟೇಪು ಸುತ್ತಿ ತೋಳಿನ ಸುತ್ತಳತೆ ತೆಗೆಯಿರಿ. ಕಫ್‌ನ ಒಳಗಿರುವ ಗಾಳಿಚೀಲ ಆ ಸುತ್ತಳತೆಯ 80 ಶೇಕಡಾದಷ್ಟು ಉದ್ದ, 40 ಶೇಕಡಾದಷ್ಟು ಅಗಲ ಇರಬೇಕು. ಯಂತ್ರದ ಜೊತೆ ಬರುವ ಕಫ್ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿಗೆ ಮಾಡಿದ್ದು. ಅಳತೆ ಕಫ್ ಮೇಲೆಯೇ ಅಚ್ಚಾಗಿರುತ್ತದೆ, ಓದುವವರು ಕಡಿಮೆ. ದೊಡ್ಡ ಕಫ್ ಬೇಕಾದ ತೋಳಿಗೆ ಮಾಮೂಲಿ ಕಫ್ ಕಟ್ಟಿದರೆ ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕಿ) ಸುಮಾರು 5 ಹೆಚ್ಚು ತೋರಿಸುತ್ತದೆ. ಅತಿ ದೊಡ್ಡ ಕಫ್ ಬೇಕಾದ ತೋಳಿಗೆ ಅದನ್ನೇ ಕಟ್ಟಿದರೆ ತಪ್ಪು 20ರ ಹತ್ತಿರ ಹೋಗುತ್ತದೆ. ಟೈಪ್ 2 ಇರುವ ಎಷ್ಟೋ ಜನರ ತೋಳು ದಪ್ಪವಿರುವುದರಿಂದ ಇದು ಸಣ್ಣ ಮಾತಲ್ಲ. ಒಂದು ಮಾತ್ರೆಯ ಪೂರ್ತಿ ಪರಿಣಾಮದಷ್ಟು ಬಿಪಿ ಬರೀ ಬಟ್ಟೆಯ ತುಂಡಿನಿಂದ ಹುಟ್ಟಿರಬಹುದು.

ಇನ್ನು ಕೂರುವ ರೀತಿ. ಬೆನ್ನಿಗೆ ಆಧಾರ, ಪಾದ ನೆಲದ ಮೇಲೆ, ಕಾಲು ಮೇಲೆ ಕಾಲು ಇಲ್ಲ. ಐದು ನಿಮಿಷ ಸುಮ್ಮನೆ. ಅರ್ಧ ಗಂಟೆ ಹಿಂದಿನಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರ ಕಟ್ಟಿಕೊಂಡು ಕೂತರೂ ಅಂಕಿ ಏರುತ್ತದೆ, ಯಂತ್ರ ಓಡುವಾಗ ಮಾತಾಡಿದರೂ ಏರುತ್ತದೆ. ಕಫ್ ಎದೆಯ ನಡುಮಟ್ಟಕ್ಕೆ ಇರಬೇಕು. ತೋಳು ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 8 ಅಂಕಿ ಹೆಚ್ಚು ಬರುತ್ತದೆ. ಇದು ಬರೀ ರಕ್ತದ ಕಂಬದ ತೂಕ, ಬೇರೇನೂ ಅಲ್ಲ. ತೊಡೆಯ ಮೇಲೆ ಕೈ ಇಟ್ಟುಕೊಂಡು ನೋಡುವವರಿಗೆಲ್ಲ ಈ 8 ಉಚಿತ.

ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ. ಯಾವ ತೋಳಿನಲ್ಲಿ ಹೆಚ್ಚೋ ಮುಂದೆ ಅದರಲ್ಲೇ. ವ್ಯತ್ಯಾಸ ಪದೇ ಪದೇ 15 ದಾಟುತ್ತಿದ್ದರೆ ಒಂದು ಕಡೆಯ ರಕ್ತನಾಳ ಕಿರಿದಾಗಿರಬಹುದು. ಡಯಾಬಿಟಿಸ್ ಇರುವವರಲ್ಲಿ ಇದನ್ನು ಬಿಟ್ಟುಬಿಡಬಾರದು, ಕಾಲಿನ ನಾಡಿಯನ್ನೂ ನೋಡಿಸಬೇಕು.

ಸಂಶಯಪಿಶಾಚಿ

ಇಷ್ಟೆಲ್ಲ ಮಾಡಿ 152 ಹೋಗಿ 146 ಆಯಿತು ಅಂದುಕೊಳ್ಳಿ. ಆಗಲೂ ಹೆಚ್ಚೇ ತಾನೆ? ಏನು ಬದಲಾಯಿತು?

ಅಳತೆಪಟ್ಟಿ

ಒಂದು ರೀಡಿಂಗ್ ನೋಡಿದರೆ ಏನೂ ಬದಲಾಗಿಲ್ಲ. ಏಳು ದಿನ ಬರೆದರೆ ಬದಲಾಗುತ್ತದೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ, ಮಾತ್ರೆ ಮತ್ತು ತಿಂಡಿಗೆ ಮೊದಲು, ಒಂದು ನಿಮಿಷ ಬಿಟ್ಟು ಎರಡು ರೀಡಿಂಗ್. ರಾತ್ರಿ ಮಲಗುವ ಮುನ್ನ ಮತ್ತೆರಡು. ಮೊದಲ ದಿನದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೊಸ ಯಂತ್ರದ ಗಾಬರಿ ಅದರಲ್ಲಿರುತ್ತದೆ.

ಮಾದರಿ ಕೇಸ್‌ಗೆ ಮಾದರಿ ಪುಟ. ಸಿಸ್ಟಾಲಿಕ್ ಮಾತ್ರ ಬರೆಯುತ್ತೇನೆ, ಎರಡನೇ ದಿನದಿಂದ ಏಳನೇ ದಿನದವರೆಗೆ:

ಬೆಳಿಗ್ಗೆ: 148, 151, 146, 149, 150, 144
ರಾತ್ರಿ: 132, 130, 135, 129, 133, 131

ಒಟ್ಟು ಸರಾಸರಿ 140. ಮನೆಯ ಅಳತೆಯಲ್ಲಿ 135/85 ದಾಟಿದರೆ ಅದು ಕ್ಲಿನಿಕ್ಕಿನ 140/90ಕ್ಕೆ ಸಮ. ಹಾಗಾಗಿ ಬಿಪಿ ಹೆಚ್ಚಿರುವುದು ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಳಗಿನ ಸಾಲು ಬೇರೆ ತೆಗೆದರೆ 148, ರಾತ್ರಿಯದು 132. ಹದಿನಾರು ಅಂಕಿಯ ಅಂತರ! ಟೆಲ್ಮಿಸಾರ್ಟಾನ್, ಅಮ್ಲೋಡಿಪಿನ್ ಎರಡೂ 24 ಗಂಟೆ ದಾಟಿ ಕೆಲಸ ಮಾಡುವ ಮಾತ್ರೆಗಳು. ದಿನವೂ ತಪ್ಪದೆ ನುಂಗುತ್ತಿದ್ದರೆ ‘ಬೆಳಗಿನ ಹೊತ್ತಿಗೆ ಔಷಧ ಇಳಿದುಹೋಗಿದೆ’ ಅನ್ನುವುದು ಅಷ್ಟು ಸುಲಭಕ್ಕೆ ಒಪ್ಪುವ ಮಾತಲ್ಲ. ರಾತ್ರಿ ನಿದ್ದೆಯಲ್ಲಿ ಬಿಪಿ ಇಳಿಯಬೇಕಾದಷ್ಟು ಇಳಿಯುತ್ತಿಲ್ಲ ಅನ್ನುವುದೇ ಮೊದಲ ಅನುಮಾನ. ಆರೋಗ್ಯವಂತರಲ್ಲಿ ಹಗಲಿಗಿಂತ ರಾತ್ರಿ ಕನಿಷ್ಠ 10 ಶೇಕಡಾ ಇಳಿಯುತ್ತದೆ. ಇದನ್ನು ಹಿಡಿಯಲು 24 ಗಂಟೆ ತೋಳಿಗೆ ಕಟ್ಟಿಕೊಳ್ಳುವ ಯಂತ್ರವೇ ಬೇಕು. ನಿದ್ದೆಯ ಸರಾಸರಿ 120/70 ಮುಟ್ಟಿದರೆ ಅಥವಾ ದಾಟಿದರೆ ಅದು ರಾತ್ರಿಯ ಅಧಿಕ ರಕ್ತದೊತ್ತಡ.

ಕೊನೆಯ ಅಂಕಿಯನ್ನು ಸೊನ್ನೆಗೆ ತಿರುಗಿಸಿ ಬರೆಯಬೇಡಿ. ಪುಟದ ತುಂಬ 140, 130, 150 ಇದ್ದರೆ ಆ ಪುಟ ಯಾರಿಗೂ ಉಪಯೋಗವಿಲ್ಲ.

ನರಮಂಡಲ

ಏಳುವಾಗ ತಲೆ ತೇಲುತ್ತದೆ ಅಂತ ಮೊದಲ ಪೋಸ್ಟ್‌ನಲ್ಲೇ ಇದೆ, ಯಾರೂ ಮುಟ್ಟಲಿಲ್ಲ. ಇಡೀ ಕೇಸ್‌ನಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

ಪರೀಕ್ಷೆಗೆ ಖರ್ಚಿಲ್ಲ. ಐದು ನಿಮಿಷ ಅಂಗಾತ ಮಲಗಿ ಬಿಪಿ ಮತ್ತು ನಾಡಿ ಬರೆಯಿರಿ. ಕಫ್ ಬಿಚ್ಚದೆ ಎದ್ದು ನಿಲ್ಲಿ. ಒಂದನೇ ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಒಮ್ಮೆ. ನಿಂತಾಗ ಕಫ್ ಕಟ್ಟಿದ ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೋ ಇನ್ನೊಬ್ಬರ ಕೈಮೇಲೋ ಇಡಬೇಕು. ಜೋತುಬಿಟ್ಟರೆ ಅಂಕಿ ಸುಳ್ಳೇ ಮೇಲಕ್ಕೆ ಹೋಗಿ, ಇಳಿದದ್ದು ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ, ಹಿಂದೆ ಕುರ್ಚಿ ಇರಲಿ.

ಮಲಗಿದಾಗ 150/72, ನಾಡಿ 74. ಒಂದು ನಿಮಿಷಕ್ಕೆ 128/66, ನಾಡಿ 77. ಮೂರು ನಿಮಿಷಕ್ಕೆ 124/64, ನಾಡಿ 78. ಹೀಗೆ ಬಂದರೆ ಏನರ್ಥ? ಸಿಸ್ಟಾಲಿಕ್ 20 ಅಥವಾ ಡಯಾಸ್ಟಾಲಿಕ್ (ಕೆಳಗಿನ ಅಂಕಿ) 10 ಇಳಿದರೆ ಸಾಕು, ನಿಂತಾಗ ಬಿಪಿ ಕುಸಿಯುವ ತೊಂದರೆ ಇದೆ ಎಂದೇ ಲೆಕ್ಕ. ಇಲ್ಲಿ 26 ಇಳಿದಿದೆ. ಅದಕ್ಕಿಂತ ಮುಖ್ಯ ನಾಡಿ. ಬಿಪಿ ಇಷ್ಟು ಕುಸಿದರೆ ಹೃದಯ ಓಡಬೇಕು, ಇಲ್ಲಿ ನಾಲ್ಕೇ ಬಡಿತ ಹೆಚ್ಚಾಗಿದೆ. ನಾಡಿಯ ಏರಿಕೆಯನ್ನು ಸಿಸ್ಟಾಲಿಕ್ ಇಳಿಕೆಯಿಂದ ಭಾಗಿಸಿ: 4 ಭಾಗಿಸು 26, ಸುಮಾರು 0.15. ಅರ್ಧಕ್ಕಿಂತ ಕಡಿಮೆ ಬಂದರೆ ಹೃದಯಕ್ಕೂ ರಕ್ತನಾಳಕ್ಕೂ ಸುದ್ದಿ ಮುಟ್ಟಿಸುವ ನರಗಳೇ ಸೋತಿರುವ ಸಾಧ್ಯತೆ ಹೆಚ್ಚು. ನೀರು ಕಡಿಮೆಯಾಗಿ ಕುಸಿದಿದ್ದರೆ ನಾಡಿ ಜೋರಾಗಿ ಏರುತ್ತಿತ್ತು. ಬೀಟಾ ಬ್ಲಾಕರ್ (ಹೃದಯದ ಬಡಿತ ನಿಧಾನ ಮಾಡುವ ಮಾತ್ರೆ) ತೆಗೆದುಕೊಳ್ಳುವವರಿಗೆ ಈ ಲೆಕ್ಕ ನಡೆಯುವುದಿಲ್ಲ, ಅವರ ನಾಡಿಯನ್ನು ಮಾತ್ರೆಯೇ ಹಿಡಿದಿರುತ್ತದೆ.

ಇದೇ ನರದೋಷ ರಾತ್ರಿಯ ಕಥೆಗೂ ಉತ್ತರ ಕೊಡುತ್ತದೆ. ಮಲಗಿದಾಗ ಏರುವ, ನಿಂತಾಗ ಕುಸಿಯುವ ಬಿಪಿ ಇದು. ಕೂತು ತೆಗೆದ 152ಕ್ಕೆ ಮಾತ್ರೆ ಏರಿಸಿದರೆ ಬೆಳಿಗ್ಗೆ ಬಚ್ಚಲಿನಲ್ಲಿ ಬೀಳುವುದು ಖಚಿತವೆನ್ನಲಾರೆ, ಆದರೆ ದಾರಿ ಆ ಕಡೆಗೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಸದ್ಯಕ್ಕೆ ಮಾಡಬಹುದಾದದ್ದು: ತಲೆಯ ಕಡೆ ಮಂಚದ ಕಾಲಿಗೆ 15ರಿಂದ 20 ಸೆಂ.ಮೀ. ಎತ್ತರದ ಕಟ್ಟೆ ಕೊಡುವುದು. ದಿಂಬು ಪೇರಿಸುವುದಲ್ಲ, ಇಡೀ ಮಂಚ ಓರೆಯಾಗಬೇಕು. ಏಳುವ ಮೊದಲು ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರುವುದು, ಮೀನಖಂಡ ಬಿಗಿಮಾಡಿ ಸಡಿಲಿಸುವುದು. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಪ್ರಾಜೋಸಿನ್ ಥರದ ಆಲ್ಫಾ ಬ್ಲಾಕರ್, ಖಿನ್ನತೆಗೆ ಅಥವಾ ಕಾಲುರಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇದ್ದರೆ ಮೊದಲು ಅವುಗಳ ಮೇಲೆ ಕಣ್ಣಿಡಿ. ಬಿಪಿ ಮಾತ್ರೆಗೆ ಬೈಯುವ ಮುನ್ನ ಇವನ್ನು ವಿಚಾರಿಸಬೇಕು. ಊಟವಾದ ಒಂದೆರಡು ಗಂಟೆಯೊಳಗೂ ಇಂಥವರ ಬಿಪಿ ಕುಸಿಯಬಹುದು. ರಾತ್ರಿಯ 132 ಊಟವಾದ ಮೇಲಿನದ್ದೇ ಅಂತಲೂ ಕೇಳಬೇಕು.

ಅಳತೆಪಟ್ಟಿ

ಒಪ್ಪಿದೆ. ಪುಟದಲ್ಲಿ ಊಟದ ಹೊತ್ತಿಗೂ ಒಂದು ಕಾಲಂ ಬೇಕಿತ್ತು, ಬಿಟ್ಟಿದ್ದೆ.

ನೆಫ್ರಾನ್

ಮೂತ್ರದ 140ರ ಬಗ್ಗೆ ನಾನು ಬರೆಯುತ್ತೇನೆ. ನನ್ನ ಪ್ರಕಾರ ಈ ಚೀಟಿಯಲ್ಲಿ ತೀರ ಮುಖ್ಯವಾದ ಅಂಕಿ 152 ಅಲ್ಲ, 140.

ಕಿಡ್ನಿಯ ಸೋಸುಗೊಂಚಲಿಗೆ ಒಂದು ಒಳಬಾಗಿಲು, ಒಂದು ಹೊರಬಾಗಿಲು. ಸಕ್ಕರೆ ಹೆಚ್ಚಿದ್ದಾಗ ಮುಂದಿನ ನಾಳ ಸೋಸಿಬಂದ ಸಕ್ಕರೆಯನ್ನು ಸೋಡಿಯಂ ಜೊತೆ ಸೇರಿಸಿ ವಾಪಸು ಹೀರಿಕೊಳ್ಳುತ್ತದೆ. ಆಗ ಆ ನಾಳದ ಕೆಳಗೆ ಕೂತಿರುವ ಕಾವಲು ಕೋಶಗಳಿಗೆ ಸೋಡಿಯಂ ಕಡಿಮೆ ತಲುಪುತ್ತದೆ. ‘ಸೋಸುವುದು ಸಾಲುತ್ತಿಲ್ಲ’ ಎಂದು ಅವು ತಪ್ಪು ತಿಳಿದು ಒಳಬಾಗಿಲನ್ನು ಅಗಲ ಮಾಡಿಸುತ್ತವೆ. ಹೊರಬಾಗಿಲನ್ನು ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಬಿಗಿ ಹಿಡಿದಿರುತ್ತದೆ. ಬರುವ ನೀರು ಜಾಸ್ತಿ, ಹೋಗುವ ದಾರಿ ಕಿರಿದು. ಗೊಂಚಲಿನೊಳಗೆ ಒತ್ತಡ ಏರಿ ಅಲ್ಬುಮಿನ್ ಸೋರುತ್ತದೆ. ಒಳಬಾಗಿಲು ತೆರೆದೇ ಇರುವುದರಿಂದ ಹೊರಗಿನ ಬಿಪಿ ಏರಿದಷ್ಟೂ ಪೆಟ್ಟು ನೇರ ಗೊಂಚಲಿಗೆ. ಬಿಪಿಯೂ ಶುಗರ್ರೂ ಒಟ್ಟಿಗಿದ್ದರೆ ಕಿಡ್ನಿ ಬೇಗ ಸವೆಯುವುದು ಹೀಗೆ.

ಆ ಆಂಜಿಯೋಟೆನ್ಸಿನ್‌ಗೆ ಅಡ್ಡ ನಿಲ್ಲುವ ಮಾತ್ರೆಗಳು, ಟೆಲ್ಮಿಸಾರ್ಟಾನ್ ಥರದ ಎಆರ್‌ಬಿ, ರ‍್ಯಾಮಿಪ್ರಿಲ್ ಥರದ ಎಸಿಇ ತಡೆಗಳು ಹೊರಬಾಗಿಲು ಸಡಿಲಿಸುತ್ತವೆ. ಸಕ್ಕರೆ ವಾಪಸು ಹೀರುವುದನ್ನು ತಡೆಯುವ ಎಸ್‌ಜಿಎಲ್‌ಟಿ2 ತಡೆಗಳು, ಅಂದರೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕಾನಾಗ್ಲಿಫ್ಲೋಜಿನ್, ಒಳಬಾಗಿಲನ್ನು ಮತ್ತೆ ಕಿರಿದು ಮಾಡುತ್ತವೆ. ಎರಡೂ ಬೇಕಾಗುವುದು ಅದಕ್ಕೇ. ಈ ಕೇಸ್‌ನಲ್ಲಿ ಎರಡನೆಯದು ಇಲ್ಲವೇ ಇಲ್ಲ, ಮೊದಲನೆಯದು ಅರ್ಧ ಡೋಸಿನಲ್ಲಿ ನಿಂತಿದೆ.

ಪರೀಕ್ಷೆಯ ವಿಷಯ: 30ರ ಒಳಗೆ ಸಾಮಾನ್ಯ, 30ರಿಂದ 300 ಮಧ್ಯಮ, 300ರ ಮೇಲೆ ತೀವ್ರ. ಅಳತೆ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಅಂತ. ಒಂದೇ ಸಲ 140 ಬಂದರೆ ನಂಬಬೇಡಿ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ಮಾಡಿ, ಎರಡು ಸಲ ಹೆಚ್ಚಿದ್ದರೆ ಗಟ್ಟಿ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನಗಳು, ಹಿಂದಿನ ದಿನದ ಜೋರು ವ್ಯಾಯಾಮ, ಶುಗರ್ ತುಂಬ ಏರಿದ ವಾರ, ಇವೆಲ್ಲ ಅಂಕಿಯನ್ನು ಸುಮ್ಮನೆ ಏರಿಸುತ್ತವೆ. ಬರೀ ಪಟ್ಟಿ ಅದ್ದಿ ನೋಡುವ ಮೂತ್ರ ಪರೀಕ್ಷೆಯಲ್ಲಿ ‘ಪ್ರೋಟೀನ್ ಇಲ್ಲ’ ಎಂದು ಬಂದರೆ ಸಮಾಧಾನ ಪಡಬೇಡಿ, 140ರಂಥದ್ದು ಅದರಲ್ಲಿ ಜಾರಿಹೋಗಬಹುದು.

ಸಂಶಯಪಿಶಾಚಿ

ಎಆರ್‌ಬಿ ಡೋಸ್ ಏರಿಸಿದರೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರುತ್ತದಲ್ಲ? ಕಿಡ್ನಿ ಉಳಿಸಲು ಕೊಟ್ಟ ಮಾತ್ರೆಯೇ ಕಿಡ್ನಿ ಕೆಡಿಸಿತು ಎಂದು ಬಿಟ್ಟುಬಿಡುವವರು ಬೇಕಾದಷ್ಟು ಜನ.

ನೆಫ್ರಾನ್

ಬಾಗಿಲು ಸಡಿಲವಾದರೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಸೋಸುವುದೂ ಸ್ವಲ್ಪ ಇಳಿಯುತ್ತದೆ. ಮಾತ್ರೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಡೋಸ್ ಏರಿಸಿದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಈ ಕೇಸ್‌ನಲ್ಲಿ ಪೊಟ್ಯಾಸಿಯಂ ಆಗಲೇ 4.9 ಇರುವುದರಿಂದ ಒಂದೆರಡು ವಾರದಲ್ಲೇ ನೋಡಿದರೆ ಒಳ್ಳೆಯದು. ಕ್ರಿಯಾಟಿನಿನ್ 30 ಶೇಕಡಾವರೆಗೆ ಏರಿ ಅಲ್ಲಿಗೇ ನಿಂತರೆ ಮಾತ್ರೆ ಮುಂದುವರಿಯುತ್ತದೆ. 1.2 ಇದ್ದದ್ದು 1.5 ಆದರೆ 25 ಶೇಕಡಾ, ಗಾಬರಿ ಬೇಡ. 1.7 ಆದರೆ ನಿಲ್ಲಿ: ನೀರಿನ ಕೊರತೆಯೇ, ನೋವಿನ ಮಾತ್ರೆಯೇ, ಎರಡೂ ಕಿಡ್ನಿಯ ರಕ್ತನಾಳ ಕಿರಿದಾಗಿದೆಯೇ ಎಂದು ಹುಡುಕಬೇಕು. ಪೊಟ್ಯಾಸಿಯಂ 5.5 ದಾಟಿದರೂ ಹಾಗೆಯೇ. ಆದರೆ ಆ ರಿಪೋರ್ಟ್ ಬಂದಾಗ ಸೂಜಿ ಹಾಕುವಾಗ ರಕ್ತಕಣ ಒಡೆದಿತ್ತೇ ಅಂತ ಲ್ಯಾಬಿಗೆ ಒಮ್ಮೆ ಕೇಳಿ, ಸುಳ್ಳು 5.8 ಅಪರೂಪವಲ್ಲ.

ಎಸಿಇ ತಡೆ, ಎಆರ್‌ಬಿ ಎರಡನ್ನೂ ಒಟ್ಟಿಗೆ ಕೊಡುವುದು ಮಾತ್ರ ಮುಗಿದ ಅಧ್ಯಾಯ. 2008ರ ಆನ್‌ಟಾರ್ಗೆಟ್, 2013ರ ವಿಎ ನೆಫ್ರಾನ್-ಡಿ ಅಧ್ಯಯನಗಳೆರಡೂ ಅದರಿಂದ ಲಾಭವಿಲ್ಲ, ಹಾನಿಯೇ ಹೆಚ್ಚು ಎಂದು ತೋರಿಸಿದವು. ಬಸುರಿಯಾಗುವ ಸಾಧ್ಯತೆ ಇರುವವರಿಗೆ ಇವೆರಡರಲ್ಲಿ ಯಾವುದನ್ನು ಬರೆದರೂ ಆ ಮಾತು ಮೊದಲೇ ಆಡಿರಬೇಕು. ಗರ್ಭಕ್ಕೆ ಅಪಾಯ.

ಗುಳಿಗೆಡಬ್ಬಿ

ಈಗ ಅಮ್ಲೋಡಿಪಿನ್ 10ರ ಸರದಿ. ನನ್ನ ಉತ್ತರ: ಬೇಡ.

ಕಾರಣ ಒಂದು, ಗಿಣ್ಣಿನ ಊತ. ಈ ಮಾತ್ರೆ ಸಣ್ಣ ಅಪಧಮನಿಯನ್ನು ಹಿಗ್ಗಿಸುತ್ತದೆ, ಆಚೆ ಬದಿಯ ಅಭಿಧಮನಿಯನ್ನು ಹಿಗ್ಗಿಸುವುದಿಲ್ಲ. ನಡುವಿನ ಲೋಮನಾಳದಲ್ಲಿ ಒತ್ತಡ ಏರಿ ನೀರು ಅಂಗಾಂಶಕ್ಕೆ ಜಿನುಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತ ಅಲ್ಲ ಇದು, ಹಾಗಾಗಿ ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ) ಕೊಟ್ಟರೆ ಊತ ಅಲ್ಲೇ ಇರುತ್ತದೆ, ತಲೆ ತೇಲುವುದು ಮಾತ್ರ ಜಾಸ್ತಿಯಾಗುತ್ತದೆ. ಎಆರ್‌ಬಿ ಪೂರ್ತಿ ಡೋಸಿಗೆ ಹೋದರೆ ಅಭಿಧಮನಿಯೂ ಸಡಿಲಗೊಂಡು ಊತ ಇಳಿಯಬಹುದು. ಊತಕ್ಕೆ ಬೇರೆ ಕಾರಣವೂ ಇರಬಹುದು: ಶುಗರ್‌ಗೆ ಪಯೋಗ್ಲಿಟಜೋನ್ ಇದೆಯೇ, ಹೃದಯದ ಸೋಲು ಶುರುವಾಗಿದೆಯೇ, ಅಲ್ಬುಮಿನ್ ತೀರ ಸೋರುತ್ತಿದೆಯೇ. ಒಂದೇ ಕಾಲು ಊದಿದ್ದರೆ ಮಾತ್ರೆಗೆ ತಪ್ಪು ಹೊರಿಸದೆ ಅವತ್ತೇ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು.

ಕಾರಣ ಎರಡು, ಲೆಕ್ಕಾಚಾರ. ಇರುವ ಮಾತ್ರೆಯನ್ನು ದುಪ್ಪಟ್ಟು ಮಾಡಿ ಸಿಗುವ ಇಳಿಕೆಗಿಂತ ಬೇರೆ ಗುಂಪಿನ ಇನ್ನೊಂದನ್ನು ಸೇರಿಸಿ ಸಿಗುವ ಇಳಿಕೆ ಸುಮಾರು ಐದು ಪಟ್ಟು. ಅಡ್ಡಪರಿಣಾಮ ಮಾತ್ರ ಡೋಸಿನ ಜೊತೆ ಏರುತ್ತಾ ಹೋಗುತ್ತದೆ. ಅದಕ್ಕೇ ಕಡಿಮೆ ಡೋಸಿನ ಎರಡು ಮೂರು ಔಷಧ ಸೇರಿದ ಒಂದೇ ಗುಳಿಗೆ ಇವತ್ತು ಮೊದಲ ಆಯ್ಕೆ. ಎಆರ್‌ಬಿ ಇದಕ್ಕೆ ಅಪವಾದ: ಅಲ್ಬುಮಿನ್ ಸೋರುತ್ತಿದ್ದರೆ ಬಿಪಿಗಾಗಿ ಅಲ್ಲ, ಕಿಡ್ನಿಗಾಗಿ ಅದನ್ನು ತಡೆದುಕೊಳ್ಳುವಷ್ಟು ಮೇಲಿನ ಡೋಸಿಗೆ ಒಯ್ಯಬೇಕು.

ಮೂರನೆಯ ಮಾತ್ರೆ ಬೇಕೆಂದಾದರೆ ಕ್ಲೋರ್ಥಾಲಿಡೋನ್ 12.5 ಅಥವಾ ಇಂಡಾಪಮೈಡ್, ಎರಡೂ ನೀರಿನ ಮಾತ್ರೆಗಳೇ. ಎರಡು ವಾರದಲ್ಲಿ ಸೋಡಿಯಂ, ಪೊಟ್ಯಾಸಿಯಂ ನೋಡದೆ ಬಿಡಬಾರದು. ಪೊಟ್ಯಾಸಿಯಂ ಇಳಿದರೆ ಮೇದೋಜೀರಕದಿಂದ ಇನ್ಸುಲಿನ್ ಹೊರಬರುವುದೂ ಕುಗ್ಗುತ್ತದೆ, ‘ನೀರಿನ ಮಾತ್ರೆಯಿಂದ ಶುಗರ್ ಏರಿತು’ ಅನ್ನುವುದರಲ್ಲಿ ಒಂದು ಪಾಲು ಇದು. ಆದರೆ ನೆಫ್ರಾನ್ ಹೇಳಿದಂತೆ ಎಸ್‌ಜಿಎಲ್‌ಟಿ2 ಸೇರಿಸುವುದಾದರೆ ಅದೇ 3ರಿಂದ 5 ಅಂಕಿ ಸಿಸ್ಟಾಲಿಕ್ ಇಳಿಸುತ್ತದೆ, ನೀರನ್ನೂ ಹೊರಹಾಕುತ್ತದೆ. ಎರಡನ್ನೂ ಒಂದೇ ವಾರ ಶುರು ಮಾಡಿದರೆ ನಿಂತಾಗ ಕುಸಿಯುವವರು ನೆಲ ಹಿಡಿಯುತ್ತಾರೆ. ಒಂದು ಮಾಡಿ, ಮೂರ್ನಾಲ್ಕು ವಾರ ಬಿಟ್ಟು ನಿಂತ ಬಿಪಿ ನೋಡಿ, ಆಮೇಲೆ ಇನ್ನೊಂದು.

ಬೀಟಾ ಬ್ಲಾಕರ್ ಈ ಕೇಸ್‌ಗೆ ಬೇಕಿಲ್ಲ. ಹೃದಯಾಘಾತ, ಹೃದಯದ ಸೋಲು, ನಾಡಿಯ ಏರುಪೇರು ಇದ್ದರೆ ಮಾತು ಬೇರೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಜೊತೆ ಬೀಟಾ ಬ್ಲಾಕರ್ ಇದ್ದರೆ ಶುಗರ್ ಬಿದ್ದಾಗಿನ ನಡುಕ, ಎದೆಬಡಿತ ಗೊತ್ತಾಗುವುದಿಲ್ಲ. ಬೆವರು ಮಾತ್ರ ಬರುತ್ತದೆ. ಬೆವರಿದರೆ ಶುಗರ್ ನೋಡಿ, ಅಷ್ಟು ನೆನಪಿದ್ದರೆ ಸಾಕು.

ಚೀಟಿಯಲ್ಲಿ ಇಲ್ಲದ ಔಷಧಗಳನ್ನೂ ಕೇಳಿ. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಬಿಪಿ ಏರಿಸುತ್ತವೆ. ಎಆರ್‌ಬಿ ಮತ್ತು ನೀರಿನ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಏಟು. ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಸ್ಯೂಡೋಎಫಿಡ್ರಿನ್, ಸ್ಟಿರಾಯ್ಡ್, ಅತಿಮಧುರ, ಇವೂ ಬಿಪಿ ಏರಿಸುವವೇ. ಮೂತ್ರದ ಸೋಂಕಿಗೆ ಬರೆಯುವ ಟ್ರೈಮೆಥೋಪ್ರಿಮ್ ಎಆರ್‌ಬಿ ಜೊತೆ ಕೆಲವೇ ದಿನದಲ್ಲಿ ಪೊಟ್ಯಾಸಿಯಂ ಏರಿಸಬಲ್ಲದು.

ಸಂಶಯಪಿಶಾಚಿ

ಇಷ್ಟೆಲ್ಲ ಮಾಡಿ ಎಲ್ಲಿಗೆ ಇಳಿಸಬೇಕು? ಗುರಿ ಐದೈದು ವರ್ಷಕ್ಕೆ ಬದಲಾಗುತ್ತದೆ.

1998ರ ಯುಕೆಪಿಡಿಎಸ್ ಅಧ್ಯಯನದಲ್ಲಿ ಬಿಪಿ ಬಿಗಿಯಾಗಿ ಹಿಡಿದ ಗುಂಪು ಮುಟ್ಟಿದ್ದು 144/82, ಸಡಿಲ ಗುಂಪು 154/87. ಹತ್ತೇ ಅಂಕಿಯ ಅಂತರಕ್ಕೆ ಪಾರ್ಶ್ವವಾಯು 44 ಶೇಕಡಾ, ಡಯಾಬಿಟಿಸ್ ಸಂಬಂಧಿ ಸಾವು 32 ಶೇಕಡಾ ಕಡಿಮೆ. ಒಪ್ಪಿದೆ, ಶುಗರ್ ಇಳಿಸಿ ಸಿಕ್ಕಿದ್ದಕ್ಕಿಂತ ದೊಡ್ಡ ಲಾಭ. ಆದರೆ 2010ರ ಅಕಾರ್ಡ್ ಅಧ್ಯಯನದಲ್ಲಿ 4733 ಜನರಲ್ಲಿ ಒಂದು ಗುಂಪನ್ನು 119ಕ್ಕೆ, ಇನ್ನೊಂದನ್ನು 133ಕ್ಕೆ ತಂದರು. ಹೃದಯದ ಒಟ್ಟು ಲೆಕ್ಕದಲ್ಲಿ ಗಟ್ಟಿ ವ್ಯತ್ಯಾಸ ಕಾಣಲಿಲ್ಲ. ಮಾತ್ರೆಯಿಂದಾದ ಗಂಭೀರ ತೊಂದರೆ 1.3ರಿಂದ 3.3 ಶೇಕಡಾಕ್ಕೆ ಏರಿತು.

ನೆಫ್ರಾನ್

ಅದೇ ಅಕಾರ್ಡ್‌ನಲ್ಲಿ ಪಾರ್ಶ್ವವಾಯು ಕಡಿಮೆಯಾಗಿತ್ತು, ಅದನ್ನು ಬಿಟ್ಟು ಹೇಳಿದಿರಿ. ಅಲ್ಲಿ ಶುಗರ್ ಬಿಗಿ ಮಾಡುವ ಇನ್ನೊಂದು ಪ್ರಯೋಗವೂ ಒಟ್ಟಿಗೆ ನಡೆಯುತ್ತಿತ್ತು, ಘಟನೆಗಳ ಸಂಖ್ಯೆಯೂ ಎಣಿಸಿದ್ದಕ್ಕಿಂತ ಕಡಿಮೆ ಬಂತು. 2024ರ ಬಿಪಿರೋಡ್ ಅಧ್ಯಯನ ಇದೇ ಪ್ರಶ್ನೆಯನ್ನು ಚೀನಾದ 12,821 ಟೈಪ್ 2 ರೋಗಿಗಳಲ್ಲಿ ಕೇಳಿತು. 120ರ ಒಳಗಿನ ಗುರಿ ಇಟ್ಟವರಲ್ಲಿ ಹೃದಯ, ಮೆದುಳಿನ ದೊಡ್ಡ ಘಟನೆಗಳು 21 ಶೇಕಡಾ ಕಡಿಮೆ. ಲಕ್ಷಣ ಕಾಣಿಸುವಷ್ಟು ಬಿಪಿ ಬೀಳುವುದು, ಪೊಟ್ಯಾಸಿಯಂ ಏರುವುದು ಹೆಚ್ಚಾದದ್ದೂ ನಿಜ.

ಬಹುತೇಕ ಮಾರ್ಗಸೂಚಿಗಳು ಈಗ 130/80ರ ಕೆಳಗೆ ಅನ್ನುತ್ತವೆ. ತಡೆದುಕೊಳ್ಳುವವರಿಗೆ 120ರ ಹತ್ತಿರ.

ನರಮಂಡಲ

‘ತಡೆದುಕೊಳ್ಳುವವರು’ ಅನ್ನುವ ಪದದ ಮೇಲೆಯೇ ಎಲ್ಲ ನಿಂತಿದೆ. ನಿಂತಾಗ 124ಕ್ಕೆ ಬರುವವರಿಗೆ ಕೂತಾಗ 120 ಮಾಡುತ್ತೇನೆಂದು ಹೊರಡಬೇಡಿ. ಇಂಥವರಲ್ಲಿ ಮೊದಲು ನಿಂತ ಬಿಪಿಯನ್ನು ಸರಿಪಡಿಸಿ, ಆಮೇಲೆ ಕೂತದ್ದನ್ನು ಮೆಲ್ಲಗೆ ಇಳಿಸುವುದು. ನಿಂತಾಗ ಕುಸಿಯುತ್ತದೆ ಎಂದು ಬಿಪಿ ಔಷಧವನ್ನೇ ನಿಲ್ಲಿಸುವುದೂ ತಪ್ಪು. ಹತೋಟಿಯಿಲ್ಲದ ಬಿಪಿಯೇ ಕುಸಿತವನ್ನು ಹೆಚ್ಚಿಸುತ್ತದೆ.

ಡಯಾಸ್ಟಾಲಿಕ್ 70 ಇರುವುದನ್ನೂ ಗಮನಿಸಿ. 152ಕ್ಕೂ 70ಕ್ಕೂ 82ರ ಅಂತರ, ರಕ್ತನಾಳ ಪೆಡಸಾಗಿದೆ ಅಂತ ಅರ್ಥ. ಮೇಲಿನದು ಇಳಿಯುವಾಗ ಕೆಳಗಿನದೂ ಇಳಿಯುತ್ತದೆ, ಹೃದಯಕ್ಕೆ ರಕ್ತ ಹರಿಯುವುದು ಆ ಕೆಳಗಿನ ಒತ್ತಡದಲ್ಲೇ. ಹೃದಯದ ರಕ್ತನಾಳ ಕಟ್ಟಿರುವವರಲ್ಲಿ ಅದು 60ರ ಕೆಳಗೆ ಹೋಗುತ್ತಿದ್ದರೆ ನಡಿಗೆಯಲ್ಲಿ ಎದೆನೋವು, ಏದುಸಿರು ಇದೆಯೇ ಎಂದು ಕೇಳಿಕೊಂಡೇ ಮುಂದಿನ ಹೆಜ್ಜೆ.

ಮೂರನೇ_ರೀಡಿಂಗ್

ಬೆಳಿಗ್ಗೆ ಬಿಪಿ ಹೆಚ್ಚಿದೆ ಅಂದಮೇಲೆ ಮಾತ್ರೆಯನ್ನು ರಾತ್ರಿಗೆ ಬದಲಾಯಿಸಿದರೆ?

ಗುಳಿಗೆಡಬ್ಬಿ

2022ರ ಟೈಮ್ ಅಧ್ಯಯನದಲ್ಲಿ ಬೆಳಿಗ್ಗೆ ನುಂಗಿದವರಿಗೂ ರಾತ್ರಿ ನುಂಗಿದವರಿಗೂ ಹೃದಯದ ಲೆಕ್ಕದಲ್ಲಿ ವ್ಯತ್ಯಾಸ ಬರಲಿಲ್ಲ. ಮರೆಯದ ಹೊತ್ತೇ ಒಳ್ಳೆಯ ಹೊತ್ತು. ನೀರಿನ ಮಾತ್ರೆ ಮಾತ್ರ ರಾತ್ರಿ ಬೇಡ. ಮೂತ್ರಕ್ಕೆ ಎದ್ದಾಗ ಕತ್ತಲಲ್ಲಿ ಬಿಪಿ ಕುಸಿಯುವುದು, ಬೀಳುವುದು, ಸೊಂಟ ಮುರಿಯುವುದು, ಇವು ಒಂದರ ಹಿಂದೊಂದು ಬರುತ್ತವೆ.

ಅಳತೆಪಟ್ಟಿ

ರಾತ್ರಿ ಬಿಪಿ ಇಳಿಯದಿದ್ದರೆ ಗೊರಕೆ ಕೇಳಿ. ಗೊರಕೆ, ನಡುವೆ ಉಸಿರು ಕಟ್ಟುವುದು, ಹಗಲು ತೂಕಡಿಕೆ, ಕತ್ತಿನ ಸುತ್ತಳತೆ ದಪ್ಪ: ಇಷ್ಟಿದ್ದರೆ ನಿದ್ರೆಯ ಪರೀಕ್ಷೆ. ನೀರಿನ ಮಾತ್ರೆ ಸೇರಿ ಮೂರು ಔಷಧ ಪೂರ್ತಿ ಡೋಸಿನಲ್ಲಿದ್ದೂ ಇಳಿಯದಿದ್ದರೆ ಅಲ್ಡೋಸ್ಟಿರಾನ್-ರೆನಿನ್ ಪರೀಕ್ಷೆ ಮಾಡಿಸಬೇಕು. ಉಪ್ಪನ್ನು ಹಿಡಿದಿಡುವ ಅಲ್ಡೋಸ್ಟಿರಾನ್ ಹಾರ್ಮೋನು ಹೆಚ್ಚಾಗುವ ರೋಗ ಪೊಟ್ಯಾಸಿಯಂ ಸಾಮಾನ್ಯ ಇದ್ದರೂ ಇರಬಹುದು.

ನೆಫ್ರಾನ್

ಉಪ್ಪಿನ ಬಗ್ಗೆ ಎರಡೇ ಮಾತು, ಉಳಿದದ್ದು ಎಲ್ಲ ಕಡೆ ಸಿಗುತ್ತದೆ. ದಿನಕ್ಕೆ 5 ಗ್ರಾಂ ಉಪ್ಪಿನ ಒಳಗೆ, ಅಂದರೆ ಸೋಡಿಯಂ 2 ಗ್ರಾಂ. ಪೊಟ್ಟಣದ ಮೇಲೆ ಸೋಡಿಯಂ ಬರೆದಿದ್ದರೆ ಎರಡೂವರೆಯಿಂದ ಗುಣಿಸಿ, ಉಪ್ಪು ಸಿಗುತ್ತದೆ. ನೀರಿನಲ್ಲಿ ಹಾಕಿದರೆ ಬುರುಬುರು ಕರಗುವ ನೋವಿನ ಮಾತ್ರೆಗಳಲ್ಲಿ ಒಂದೊಂದರಲ್ಲಿ ಸುಮಾರು 400 ಮಿ.ಗ್ರಾಂ. ಸೋಡಿಯಂ ಇರುತ್ತದೆ. ದಿನಕ್ಕೆ ನಾಲ್ಕು ನುಂಗಿದರೆ ಅದೇ 4 ಗ್ರಾಂ ಉಪ್ಪು!

‘ಕಡಿಮೆ ಸೋಡಿಯಂ ಉಪ್ಪು’ ಎಂದು ಬರುವುದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ತುಂಬಿರುತ್ತಾರೆ. ಕಿಡ್ನಿ ಗಟ್ಟಿ ಇರುವವರಿಗೆ ಒಳ್ಳೆಯದು. ಇಜಿಎಫ್‌ಆರ್ 58, ಪೊಟ್ಯಾಸಿಯಂ 4.9, ಜೊತೆಗೆ ಎಆರ್‌ಬಿ ಇರುವ ಈ ಕೇಸ್‌ಗೆ ಅದು ಬೇಡವೇ ಬೇಡ.

ಸಂಶಯಪಿಶಾಚಿ

ರಾತ್ರಿ ಹನ್ನೊಂದಕ್ಕೆ ಯಂತ್ರ 188/104 ತೋರಿಸಿತು. ಆಗ?

ಗುಳಿಗೆಡಬ್ಬಿ

ಯಂತ್ರ ಕೆಳಗಿಡಿ, ಐದು ನಿಮಿಷ ಕೂರಿ, ಮತ್ತೆ ನೋಡಿ. ಎದೆನೋವು, ಏದುಸಿರು, ಒಂದು ಬದಿ ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಗೊಂದಲ, ಹಿಂದೆಂದೂ ಇಲ್ಲದ ತಲೆನೋವು, ಇದರಲ್ಲಿ ಒಂದಿದ್ದರೂ ಆಸ್ಪತ್ರೆ, ಅಂಕಿ ಎಷ್ಟೇ ಇರಲಿ. ಡಯಾಬಿಟಿಸ್ ಇರುವವರಿಗೆ ಹೃದಯಾಘಾತ ಎದೆನೋವಿಲ್ಲದೆ ಬರೀ ಬೆವರು, ಸುಸ್ತು, ಉಸಿರಿನ ತೊಂದರೆಯಾಗಿಯೂ ಬರುತ್ತದೆ. ಲಕ್ಷಣ ಯಾವುದೂ ಇಲ್ಲದಿದ್ದರೆ ಅವತ್ತಿನ ಮಾತ್ರೆ ಮರೆತಿದೆಯೇ ನೋಡಿ, ಮರುದಿನ ವೈದ್ಯರಿಗೆ ಹೇಳಿ. ನಾಲಿಗೆ ಕೆಳಗೆ ನಿಫೆಡಿಪಿನ್ ಚುಚ್ಚಿ ಹಾಕುವ ಹಳೇ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಬಿಟ್ಟುಬಿಡಿ. ಬಿಪಿ ದಿಢೀರ್ ಬಿದ್ದು ಮೆದುಳಿಗೆ ರಕ್ತ ಸಾಲದೆ ಪಾರ್ಶ್ವವಾಯು ಆಗಬಹುದು.

ನೆಫ್ರಾನ್

ವಾಂತಿಭೇದಿಯ ದಿನಗಳದ್ದೂ ಬರೆದುಬಿಡೋಣ, ಬಿಪಿ ಮಾತ್ರೆಯಿಂದ ಕಿಡ್ನಿ ಕೈಕೊಡುವುದು ಹೆಚ್ಚಾಗಿ ಆಗಲೇ. ಮೈಯಿಂದ ನೀರು ಹೋಗುತ್ತಿರುವಾಗ, ಊಟ ಸೇರದಿರುವಾಗ ಎಆರ್‌ಬಿ ಅಥವಾ ಎಸಿಇ ತಡೆ, ನೀರಿನ ಮಾತ್ರೆ, ಮೆಟ್‌ಫಾರ್ಮಿನ್, ಎಸ್‌ಜಿಎಲ್‌ಟಿ2, ನೋವಿನ ಮಾತ್ರೆ, ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಗ್ಲಿಮೆಪಿರೈಡ್ ಥರದವನ್ನೂ, ಊಟವಿಲ್ಲದೆ ಶುಗರ್ ಬೀಳುತ್ತದೆ. ಇನ್ಸುಲಿನ್ ತಾನಾಗಿ ನಿಲ್ಲಿಸಬಾರದು, ಡೋಸ್ ಕೇಳಿ ಹೊಂದಿಸಬೇಕು. ಎಸ್‌ಜಿಎಲ್‌ಟಿ2 ತೆಗೆದುಕೊಳ್ಳುವವರಲ್ಲಿ ಶುಗರ್ 200ರ ಒಳಗಿದ್ದೂ ಕೀಟೋಆಸಿಡೋಸಿಸ್ (ಕೀಟೋನ್ ಸೇರಿ ರಕ್ತ ಆಮ್ಲವಾಗುವ ಅಪಾಯ) ಆಗಬಹುದು. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಕಂಡರೆ ಕೀಟೋನ್ ನೋಡಿಸಿ. ಸರಿಯಾಗಿ ಉಂಡು ಕುಡಿಯಲು ಶುರುಮಾಡಿದ 24ರಿಂದ 48 ಗಂಟೆಯಲ್ಲಿ ಎಲ್ಲವನ್ನೂ ಮತ್ತೆ ಶುರು. ನಿಲ್ಲಿಸುವುದು ಎಲ್ಲರಿಗೂ ನೆನಪಿರುತ್ತದೆ, ಮತ್ತೆ ಶುರು ಮಾಡುವುದು ಮರೆತು ಮೂರು ತಿಂಗಳು ಕಳೆದಿರುತ್ತದೆ. ಯಾವ ಯಾವ ಮಾತ್ರೆ ಅಂತ ಆರೋಗ್ಯವಾಗಿರುವಾಗಲೇ ವೈದ್ಯರಿಂದ ಗುರುತು ಹಾಕಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ.

ಮೂರನೇ_ರೀಡಿಂಗ್

ಕಣ್ಣಿನ ಮಾತು ಯಾರೂ ಎತ್ತಲಿಲ್ಲ. ಯುಕೆಪಿಡಿಎಸ್‌ನಲ್ಲಿ ಬಿಪಿ ಬಿಗಿ ಮಾಡಿದವರಲ್ಲಿ ದೃಷ್ಟಿ ಕುಂದುವುದು 47 ಶೇಕಡಾ ಕಡಿಮೆಯಾಗಿತ್ತು. ಅಲ್ಬುಮಿನ್ 140 ಇರುವವರ ಅಕ್ಷಿಪಟವನ್ನು ಪಾಪೆ ಹಿಗ್ಗಿಸಿ ನೋಡಿಸಿಲ್ಲದಿದ್ದರೆ ಅದೂ ಈ ತಿಂಗಳ ಕೆಲಸವೇ. ಅಲ್ಬುಮಿನ್ ಇದ್ದೂ ಅಕ್ಷಿಪಟ ಪೂರ್ತಿ ಶುದ್ಧವಾಗಿದ್ದರೆ ಕಿಡ್ನಿಯ ತೊಂದರೆಗೆ ಡಯಾಬಿಟಿಸ್ ಅಲ್ಲದ ಕಾರಣವೂ ಇರಬಹುದೆಂದು ನೆಫ್ರಾನ್ ಒಪ್ಪುತ್ತಾರೆಂದುಕೊಂಡಿದ್ದೇನೆ.

ನೆಫ್ರಾನ್

ಒಪ್ಪುತ್ತೇನೆ. ಟೈಪ್ 2ರಲ್ಲಿ ಕಣ್ಣು ಶುದ್ಧವಿದ್ದೂ ಕಿಡ್ನಿಗೆ ಡಯಾಬಿಟಿಸ್ ತಗಲಿರಬಹುದು, ಅದರಿಂದ ಇದೊಂದನ್ನೇ ಹಿಡಿದು ಬಯಾಪ್ಸಿಗೆ ಓಡುವುದಿಲ್ಲ. ಮೂತ್ರದಲ್ಲಿ ರಕ್ತಕಣ, ಕೆಲವೇ ತಿಂಗಳಲ್ಲಿ ಇಜಿಎಫ್‌ಆರ್ ಜಾರುವುದು, ಅಲ್ಬುಮಿನ್ ಏಕಾಏಕಿ ಸಾವಿರ ದಾಟುವುದು, ಇವು ಜೊತೆಗೆ ಬಂದರೆ ಖಂಡಿತ ಯೋಚಿಸಬೇಕು.

ಅಳತೆಪಟ್ಟಿ

ಪುಟ ತಿದ್ದಿದ್ದೇನೆ. ಕಾಲಂಗಳು: ದಿನಾಂಕ, ಹೊತ್ತು, ಕೂತದ್ದು ಎರಡು, ನಾಡಿ, ಊಟವಾಗಿ ಎಷ್ಟು ಗಂಟೆ, ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ. ವಾರದಲ್ಲಿ ಎರಡು ಬೆಳಿಗ್ಗೆ ಮಲಗಿದ್ದು ಮತ್ತು ಮೂರನೇ ನಿಮಿಷ ನಿಂತದ್ದು. ಮೇಲ್ತುದಿಯಲ್ಲಿ ತೋಳಿನ ಸುತ್ತಳತೆ, ಕಫ್‌ನ ಸೈಜು, ಎಡಗೈಯೋ ಬಲಗೈಯೋ. ನಾಡಿ ತಾಳ ತಪ್ಪುತ್ತದೆ ಎಂದು ಯಂತ್ರ ಗುರುತು ತೋರಿಸಿದರೆ ಮೂರು ರೀಡಿಂಗ್ ತೆಗೆದು ಸರಾಸರಿ ಬರೆಯಿರಿ. ಆ ಗುರುತು ಮತ್ತೆ ಮತ್ತೆ ಬಂದರೆ ಇಸಿಜಿ ಮಾಡಿಸಿ.